ಒಂದನೇ ನಂಬರು

ಗುರುವಾರ ಎಂದು ನೆನಪಾದದ್ದು ಹಲ್ಲುಜ್ಜುವಾಗ. ನೆನಪಾದ ಕೂಡಲೇ ರವಿಕುಮಾರನಿಗೆ ಬಾಯೊಳಗಿನ ನೊರೆ ಕಹಿಯಾಯಿತು. ಹಾಲಗಲ್ಲಿನ ಸಹಕಾರಿ ಸಂಘಕ್ಕೆ ಅಧ್ಯಕ್ಷ ಕುಬೇರಪ್ಪ ಸಾಹುಕಾರರು ಬರುವುದು ವಾರಕ್ಕೆರಡು ದಿನ, ಸೋಮವಾರ ಮತ್ತು ಗುರುವಾರ. ಅವರು ಬಂದ ದಿನ ಅಲ್ಲಿ ಇಂಟರ್ನೆಟ್ ಕೈಕೊಡುತ್ತದೆ. ಎಂಟು ತಿಂಗಳಿನಿಂದ ಹೀಗೇ ನಡೆದಿದೆ. ಇದು ಸಾಹುಕಾರರ ಕಾಲ್ಗುಣ ಎನ್ನುವ ಧೈರ್ಯ ಆ ಊರಲ್ಲಿ ಯಾರಿಗೂ ಇರಲಿಲ್ಲವಾದ್ದರಿಂದ, ಕಂಪ್ಯೂಟರ್ ಮುಂದೆ ಕೂರುವ ಹುಡುಗಿ ಮಧುಶ್ರೀಯ ಕೈಗುಣ ಎಂದು ತೀರ್ಮಾನವಾಗಿತ್ತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಬರೆ ಹಾಕುವವರಿಗಾದರೂ ಜ್ವರ ಯಾರದೆಂದು ಗೊತ್ತಿರಲಿಲ್ಲ, ರವಿಕುಮಾರನಿಗೆ ಗೊತ್ತಿತ್ತು. ಗೊತ್ತಿದ್ದೂ ಅವನು ದಿನಾ ಬೆಳಿಗ್ಗೆ ಎದ್ದು ಹಲ್ಲುಜ್ಜುತ್ತಿದ್ದ, ಚಹಾ ಕುಡಿಯುತ್ತಿದ್ದ, ಸವಣೂರಿನ ಸಂತೆಪೇಟೆಯ ಹಿಂದಿನ ರಫೀಕನ ಇಂಟರ್ನೆಟ್ ಅಂಗಡಿಗೆ ಹೋಗಿ ಕೇಬಲ್ಲಿನ ಸುರುಳಿ ಹೆಗಲಿಗೆ ಹಾಕಿಕೊಳ್ಳುತ್ತಿದ್ದ.

ಬಾಯಿ ಮುಕ್ಕಳಿಸುವಷ್ಟರಲ್ಲಿ ರಫೀಕನ ಫೋನು ಬಂತು.

"ರವಿ, ಹಾಲಗಲ್ಲಿಗೆ ಹೋಗಿ ಬಾ. ಸಾವ್ಕಾರ್ರು ಫೋನ್ ಮಾಡಿದ್ರು. ಇವತ್ತ ಎರಡಕ್ಕ ಅವರ ಕಮಿಟಿ ಮೀಟಿಂಗ್ ಐತಂತ. ಲೈನು, ರೂಟರು ಎಲ್ಲಾ ಬರೋಬ್ಬರಿ ಅದಾವು, ಆಪರೇಟರ್‌ಗ ನಡಸಾಕ ಬರೂದಿಲ್ಲ ಅಂತ ನಮ್ಮ ಕಡಿಂದ ಒಂದು ಕಾಗದ ಬೇಕಂತ. ಅಂಗಡಿ ರಬ್ಬರ್ ಶಿಕ್ಕಾ ಒಯ್ಯಿ, ಸಹಿ ಮಾಡಿ ಕೊಟ್ಟು ಬಾ."

"ಆಪರೇಟರ್ ಅಂದ್ರ ಮಧುಶ್ರೀನ ರಫೀಕಭಾಯ್?"

"ಮತ್ಯಾರು? ಇವತ್ತ ಆಕೀನ ತಗೀತಾರಂತ. ಕಾಗದ ಇದ್ರ ನಾಳೆ ಆಕಿ ಎಲ್ಲೂ ಹೋಗಿ ಕೇಳಾಕ ಬರೂದಿಲ್ಲಲಾ, ಅದಕ್ಕ. ನಮಗ್ಯಾಕ ಬೇಕಪಾ ಅವರ ಉಸಾಬರಿ. ನಮ್ಮ ಲೈನ್ ಚಲೋ ಐತಿ ಅಂತ ನಾವು ಬರಕೊಡೂದು, ಅಷ್ಟ."

ಅಷ್ಟೇ. ಗಾಡಿ ಚಾಲೂ ಮಾಡಿ ಎಲೆತೋಟಗಳ ಪಕ್ಕದ ರಸ್ತೆ ಹಿಡಿದಾಗಲೂ ಆ 'ಅಷ್ಟ' ಕಿವಿಯಲ್ಲೇ ಇತ್ತು. ಹೇಳಿದರೆ ನಗುತ್ತಾರೆ, ಅಷ್ಟು ಸಣ್ಣ ವಿಷಯ. ಗೋಡೆಗೆ ಬಡಿದ ರೂಟರ್ ಎಂಬ ಡಬ್ಬಿ ಇದೆಯಲ್ಲ, ಕಚೇರಿಯ ಯಂತ್ರಗಳಿಗೆ ಒಂದೊಂದು ಐಪಿ ನಂಬರು ಹಂಚುವುದು ಅದರ ಕೆಲಸ. ಕಂಪ್ಯೂಟರು ಕಣ್ಣು ಬಿಟ್ಟ ಕೂಡಲೇ ನನಗೊಂದು ನಂಬರು ಕೊಡು ಎಂದು ಕೇಳುತ್ತದೆ, ಡಬ್ಬಿ ಖಾಲಿ ಇದ್ದದ್ದೊಂದನ್ನು ಕೊಡುತ್ತದೆ. ನೀನು ಯಾರ ಪೈಕಿ, ಯಾವ ಓಣಿ ಎಂದು ವಿಚಾರಿಸುವುದಿಲ್ಲ. ನೂರಾ ತೊಂಬತ್ತೆರಡು, ನೂರಾ ಅರವತ್ತೆಂಟು, ಒಂದು. ಇಲ್ಲಿಯವರೆಗೆ ಎಲ್ಲರದೂ ಒಂದೇ, ಕೊನೆಯ ಅಂಕಿ ಮಾತ್ರ ಬೇರೆ ಬೇರೆ. ಆ ಕೊನೆಯ ಅಂಕಿಗಳಲ್ಲಿ ಒಂದನೇ ನಂಬರನ್ನು ಡಬ್ಬಿ ತನಗೇ ಇಟ್ಟುಕೊಂಡಿರುತ್ತದೆ. ದೊಡ್ಡಸ್ತಿಕೆಗಲ್ಲ, ಹೊರಗೆ ಹೋಗುವವರಿಗೆ ಬಾಗಿಲು ಎಲ್ಲಿದೆಯೆಂದು ಗೊತ್ತಿರಬೇಕಲ್ಲ, ಅದಕ್ಕೆ. ಬಾಗಿಲಿನ ನಂಬರನ್ನೇ ಇನ್ನೊಬ್ಬರಿಗೂ ಕೊಟ್ಟರೆ ಮಂದಿ ಎಲ್ಲಿಗೆ ಹೋಗಬೇಕು? ಅರ್ಧ ಮಂದಿ ಬಾಗಿಲಿಗೆ ಹೋಗುತ್ತಾರೆ, ಇನ್ನರ್ಧ ಮಂದಿ ಆ ಇನ್ನೊಬ್ಬರ ಮುಂದೆ ಹೋಗಿ ಕೈಕಟ್ಟಿ ನಿಲ್ಲುತ್ತಾರೆ. ಇದು ಕಂಪ್ಯೂಟರ್ ನೆಟ್‌ವರ್ಕ್ ಕೋರ್ಸಿನ ಮೊದಲ ತಿಂಗಳಲ್ಲೇ ಕಲಿಸುವ ಪಾಠ. ರವಿಕುಮಾರ ಆ ಪರೀಕ್ಷೆಯಲ್ಲಿ ತರಗತಿಗೇ ಮೊದಲು ಬಂದಿದ್ದ. ಮೊದಲು ಬಂದವನೇ ಹೋಗಿ ಸಾಹುಕಾರರ ಕಂಪ್ಯೂಟರ್ ಮಶೀನಿಗೆ ಒಂದನೇ ನಂಬರು ಕೊಟ್ಟು ಬಂದಿದ್ದ.

ಎಂಟು ತಿಂಗಳ ಹಿಂದೆ, ಅವತ್ತು ಸಂಘಕ್ಕೆ ಕ್ಯಾಮೆರಾ ಕೂರಿಸಿದ ದಿನ. ಗೋದಾಮಿಗೆರಡು, ರೇಷನ್ನಿನ ಕಿಟಕಿಗೊಂದು, ಮಧುಶ್ರೀ ಕೂರುವ ಮೇಜಿನ ಮೇಲೊಂದು. ಸಾಹುಕಾರರಿಗೆ ಇಂಟರ್ನೆಟ್ಟಿನ ಹಂಗಿರಲಿಲ್ಲ. ತಮ್ಮ ಕೋಣೆಯಲ್ಲಿ ಕೂತು ಈ ನಾಲ್ಕು ಚೌಕಗಳನ್ನು ನೋಡುವುದಷ್ಟೇ ಅವರಿಗೆ ಬೇಕಿತ್ತು. ಅಂಥ ಮಶೀನಿಗೆ ಕಾಯಂ ನಂಬರು ಕೊಡುವುದು ರೂಢಿ. ಕಮಿಟಿಯ ನಾಲ್ಕು ಜನ ಸುತ್ತ ನಿಂತಿದ್ದರು. ಎಷ್ಟನೇ ನಂಬರು ಕೊಟ್ಟಿ ನಮಗ, ಎಂದು ಸಾಹುಕಾರರು ಸುಮ್ಮನೆ ಕೇಳಿದ್ದರು. ಇಪ್ಪತ್ಮೂರು ರೀ ಎಂದ. "ಇಪ್ಪತ್ಮೂರ? ಅಲ್ಲೋ ತಮ್ಮಾ, ಹಂಗಾರ ನನ್ನ ಮುಂದ ಇಪ್ಪತ್ತೆರಡು ಮಂದಿ ಯಾರಪಾ?" ಎಂದು ಅವರು ಕಣ್ಣರಳಿಸಿದಾಗ ಕಮಿಟಿ ಗೊಳ್ಳೆಂದಿತು. "ಈ ಊರಾಗ ಮೊದಲನೇ ವೀಳ್ಯ ಯಾರ ಮನೀಗೆ ಹೋಗತೈತಿ, ಕೇಳು ಇವರನ್ನ. ಒಂದು ಕೊಡು." ಸಿಟ್ಟಿನಿಂದ ಹೇಳಿರಲಿಲ್ಲ. ಮಗುವಿಗೆ ತಪ್ಪು ತಿದ್ದುವ ಹಾಗೆ, ನಗುತ್ತ ಹೇಳಿದ್ದರು. ನಾಲಿಗೆ ಏನೋ ಹೇಳಲು ಎದ್ದಿತ್ತು, ಒಂದು ಅಂದ್ರ ರೂಟರ್ದು ರೀ ಅಂತಲೋ ಏನೋ. ಅಷ್ಟರಲ್ಲಿ ಬೆರಳು ಎರಡನ್ನೂ ಮೂರನ್ನೂ ಅಳಿಸಿ ಒಂದನ್ನು ಒತ್ತಿಬಿಟ್ಟಿತ್ತು. ಆ ಬೆರಳು ತನ್ನದೋ ಅಪ್ಪನದೋ ಎಂದು ಅವನಿಗೆ ಆಮೇಲೆ ಬಹಳ ಸಲ ಅನಿಸಿದೆ.

ಅಪ್ಪ ನೀಲಪ್ಪ ಹಂಸಭಾವಿಯಿಂದ ಬಂದು ಸವಣೂರಿನ ಎಲೆತೋಟದಲ್ಲಿ ಎಲೆ ಕೊಯ್ಯುತ್ತಿದ್ದವನು. ಅಕ್ಕ ಮಂಜವ್ವನ ನಿಶ್ಚಯದ ದಿನ ತೋಟದ ಧಣಿಗೆ ಮೊದಲ ವೀಳ್ಯ ಕೊಡದೆ ಶಾಸ್ತ್ರ ಮುಂದುವರಿಸುವಂತಿಲ್ಲ ಎಂದು ಅವನೇ ಹಟ ಹಿಡಿದಿದ್ದ. ಧಣಿ ಬರುತ್ತೇನೆ ಎಂದಿದ್ದರಂತೆ. ಅವರಿಗಾಗಿ ಶಾಲೆಯಿಂದ ಒಂದು ಖುರ್ಚಿ ತಂದು, ತೊಳೆದು, ಒರೆಸಿ ಇಟ್ಟಿದ್ದರು. ಗಂಡಿನ ಕಡೆಯವರು ಚಾಪೆಯ ಮೇಲೆ, ತಾವೆಲ್ಲ ನೆಲದ ಮೇಲೆ, ಖುರ್ಚಿ ಖಾಲಿ. ಹನ್ನೊಂದಾಯಿತು, ಒಂದಾಯಿತು, ಮೂರಾಯಿತು. ಒಂಬತ್ತು ವರ್ಷದ ರವಿಕುಮಾರ ಹುಗ್ಗಿಯ ಪಾತ್ರೆಯ ಸುತ್ತಲೇ ಸುಳಿದಾಡುತ್ತಿದ್ದ. ಅಪ್ಪ ತಟ್ಟೆ ಹಿಡಿದು ನಿಂತೇ ಇದ್ದ, ಎಲೆ ಗಾಳಿಗೆ ಹಾರದಂತೆ ಮೇಲೆ ಹೆಬ್ಬೆರಳು ಒತ್ತಿ. ಕೊನೆಗೆ ಹಿರಿಯರೊಬ್ಬರು, ಬರದಿದ್ದರೇನು, ಅವರ ಹೆಸರಿನಲ್ಲಿ ಇಡು ಎಂದರು. ಅಪ್ಪ ಆ ಖಾಲಿ ಖುರ್ಚಿಯ ಮೇಲೆ ವೀಳ್ಯ ಇಟ್ಟು, ಹಾರಬಾರದೆಂದು ಅಂಗಳದಿಂದ ಒಂದು ಕಲ್ಲು ಹುಡುಕಿ ತಂದು ಅದರ ಮೇಲೆ ಹೇರಿ, ಖುರ್ಚಿಗೆ ಕೈಮುಗಿದ. ಅನ್ನ ಆರಿ ಅಗುಳು ಅಗುಳಾಗಿತ್ತು. ಬೀಗರು ಅದನ್ನೇ ಉಂಡು ಎದ್ದರು.

ಹತ್ತಿಮತ್ತೂರು ದಾಟಿದ ಮೇಲೆ ರಸ್ತೆ ಕೆಟ್ಟದಾಗಿತ್ತು. ಡಿಕ್ಕಿಯಲ್ಲಿದ್ದ ಶಿಕ್ಕಾ ಪ್ರತಿ ತಗ್ಗಿಗೂ ಟಕ್ಕೆನ್ನುತ್ತಿತ್ತು. ತಪ್ಪು ಮಾಡಿದ್ದೇನೋ ಸರಿ, ತಿದ್ದುವುದಕ್ಕೆ ಏನು ಧಾಡಿಯಾಗಿತ್ತು ಎಂದು ತನ್ನನ್ನೇ ಬೈದುಕೊಂಡ. ಡಬ್ಬಿಯ ನಂಬರನ್ನು ಬದಲಿಸಿ ಎರಡುನೂರಾ ಐವತ್ತನಾಲ್ಕು ಮಾಡಿದ್ದರೆ ಮುಗಿಯುತ್ತಿತ್ತು. ಒಂದು ಸಾಹುಕಾರರಿಗೇ ಇರುತ್ತಿತ್ತು, ಬಾಗಿಲೂ ತೆರೆದಿರುತ್ತಿತ್ತು. ಐದು ನಿಮಿಷದ ಕೆಲಸ. ಅವತ್ತೇ ಮಾಡಬೇಕೆಂದಿದ್ದ, ಕರೆಂಟು ಹೋಯಿತು, ಸಂಜೆಯವರೆಗೆ ಬರಲಿಲ್ಲ. ಮರುದಿನ ಸಾಹುಕಾರರು ಇರಲಿಲ್ಲ, ಅವರ ಕೋಣೆಗೆ ಬೀಗ, ಮಶೀನು ಬಂದ್, ನೆಟ್ಟು ಹರಿಯುವ ನೀರಿನಂತೆ ಓಡಿತು. ಬೀಸುವ ದೊಣ್ಣೆ ತಪ್ಪಿದರೆ ಸಾವಿರ ವರ್ಷ ಆಯುಷ್ಯ ಎಂದು ಸುಮ್ಮನಾದ. ಮೊದಲ ದೂರು ಬಂದಾಗ ಹೋಗಿ ನೋಡಿದರೆ ಸಾಹುಕಾರರು ಮಧುಶ್ರೀಯನ್ನು ನಿಲ್ಲಿಸಿಕೊಂಡು ಬೈಯುತ್ತಿದ್ದರು. ಅವರ ಎದುರಿಗೆ ಏನೆನ್ನಲು ತೋಚದೆ, ಲೈನಿನ್ಯಾಗ ಏನೋ ಇರಬೇಕ್ರಿ ಎಂದ. ಒಮ್ಮೆ ಹಾಗೆಂದ ಮೇಲೆ ಎರಡನೆಯ ಸಲ ಬೇರೆ ಹೇಳುವುದು ಹೇಗೆ? ಡಬ್ಬಿಯನ್ನು ಆರಿಸಿ ಹಚ್ಚಿ, ಅರ್ಧ ತಾಸು ನಡೆಯುವಂತೆ ಮಾಡಿ ಓಡಿಬರುವುದೇ ಅಭ್ಯಾಸವಾಯಿತು.

ಇದಿಷ್ಟೇ ಆಗಿದ್ದರೆ ಅದನ್ನು ಪುಕ್ಕಲುತನ ಎಂದು ಕರೆದು ಸಮಾಧಾನ ಮಾಡಿಕೊಳ್ಳಬಹುದಿತ್ತು. ಅದರ ಕೆಳಗೆ ಇನ್ನೊಂದಿತ್ತು, ಅದನ್ನು ನೆನೆದರೆ ಅವನಿಗೆ ಹೆಲ್ಮೆಟ್ಟಿನ ಒಳಗೇ ಮುಖ ಬಿಸಿಯಾಗುತ್ತಿತ್ತು. ಸಾಹುಕಾರರು ಬಂದು ಕೂತ ದಿನವೇ ಊರಿನ ವ್ಯವಹಾರ ನಿಲ್ಲುತ್ತದೆ ಎಂಬುದು ಅವನಿಗೆ ಎಲ್ಲೋ ಒಂದು ಮೂಲೆಯಲ್ಲಿ ಖುಷಿ ಕೊಟ್ಟಿತ್ತು. ಕೇಳಿ ಪಡೆದ ದೊಡ್ಡಸ್ತಿಕೆ ಅವರ ಕೊರಳಿಗೇ ಬಿದ್ದಿದೆ, ಅವರಿಗೇ ಗೊತ್ತಿಲ್ಲ. ಸವಣೂರಿನಲ್ಲಿ ಒಬ್ಬನೇ ಕುರುಕು ಖಾರ ತಿನ್ನುತ್ತ ಕೂತಾಗ ಇದನ್ನು ನೆನೆದು ಅವನು ನಕ್ಕಿದ್ದೂ ಉಂಟು. ಆ ನಗೆಗೆ ಬೈಗುಳ ತಿನ್ನುತ್ತಿದ್ದವಳು ಮಧುಶ್ರೀ. ಮತ್ತು ಅವಳಿಗೆ ಗೊತ್ತಿತ್ತು. ಮೂರನೆಯ ತಿಂಗಳಿಗೇ ಫೋನು ಮಾಡಿದ್ದಳು: "ಅಣ್ಣಾರ, ಸಾವ್ಕಾರ್ರ ಮಶೀನಿನ್ಯಾಗ ಇದ ನಂಬರ್ ಇನ್ನೊಂದಕ್ಕೂ ಐತಿ ಅಂತ ತೋರಸ್ತೈತ್ರಿ. ರೂಟರಿಗೆ ಎರಡ್ನೂರಾ ಐವತ್ನಾಕು ಕೊಟ್ರ ಆಗೂದಿಲ್ಲೇನ್ರಿ? ಪಾಸ್‌ವರ್ಡ್ ಹೇಳಿದ್ರ ನಾನ ಮಾಡ್ತೇನ್ರಿ." ಅವನಿಗೆ ಕುಂಬಳಕಾಯಿ ಕಳ್ಳ ಎಂದು ಕೂಗಿದಂತಾಗಿ, "ಅದನ್ನೆಲ್ಲ ನೀ ಮುಟ್ಟಬ್ಯಾಡ, ನಾ ಬಂದು ನೋಡ್ತೇನಿ" ಎಂದು ಗದರಿದ್ದ. ಆಮೇಲೆ ಅವಳು ಆ ಮಾತೆತ್ತಲಿಲ್ಲ. ಯಾರ ಮುಂದೆಯೂ ಎತ್ತಲಿಲ್ಲ. ಎಷ್ಟೋ ಸಲ ಅವನ ಎದುರಿಗೇ ಬೈಸಿಕೊಂಡಳು, ಒಮ್ಮೆಯೂ ಅವನತ್ತ ಬೆರಳು ತೋರಿಸಲಿಲ್ಲ. ಅವಳು ತೋರಿಸಿದ್ದರೆ ಚೆನ್ನಾಗಿತ್ತು.

ಸಂಘದ ಮುಂದೆ ಸಾಲು ಕಟ್ಟೆ ಇಳಿದು ಬೇವಿನ ಗಿಡದವರೆಗೆ ಬಂದಿತ್ತು. ಚೀಲ ಮಡಿಚಿ ಅದರ ಮೇಲೆ ಕೂತ ಹೆಂಗಸರು, ನಿಂತೇ ಬೇಸತ್ತ ಗಂಡಸರು. ರೇಷನ್ನಿಗೆ ಹೆಬ್ಬೆಟ್ಟು ಇಡಬೇಕು, ಹೆಬ್ಬೆಟ್ಟಿಗೆ ನೆಟ್ಟು ಬೇಕು. ಅವನ ಹೆಗಲ ಚೀಲ ನೋಡಿ ಒಬ್ಬ ಮುದುಕಿ, "ಬಂದ ನೋಡ್ರಿ ಡಾಕ್ಟರ" ಎಂದಳು. "ಮೂರನೇ ಸಲ ಬಂದೇನೋ ಯಪ್ಪಾ. ಬೆರಳ ಸವದು ಹೋಗಾಕತ್ತಾವು." ಕಟ್ಟೆಯ ಮೇಲೆ ಫಕ್ಕೀರವ್ವ ಕಸಬರಿಗೆ ಹಿಡಿದು ನಿಂತಿದ್ದಳು. ಸಂಘದ ಕಸ, ನೀರು, ಚಹಾ ಎಲ್ಲ ಅವಳದೇ. ಸಾಹುಕಾರರು ಬರುವ ದಿನ ಅವಳು ಮೊದಲು ಅವರ ಕೋಣೆಯ ಬೀಗ ತೆಗೆದು, ಕಸ ಹೊಡೆದು, ಊದುಬತ್ತಿ ಹಚ್ಚಿ, ಅವರ ಮಶೀನು ಚಾಲೂ ಮಾಡಿ, ಆಮೇಲೆಯೇ ಹೊರಗಿನ ಬೋರ್ಡಿಗೆ ಬರುವುದು. ಆ ಬೋರ್ಡಿನಲ್ಲಿ ಫ್ಯಾನು, ದೀಪ, ರೂಟರು ಎಲ್ಲ ಇದ್ದವು. ಅಂದರೆ ಡಬ್ಬಿ ಎಚ್ಚರವಾಗುವ ಹೊತ್ತಿಗೆ ಅದರ ಜಾಗದಲ್ಲಿ ಆಗಲೇ ಒಬ್ಬರು ಕೂತುಬಿಟ್ಟಿರುತ್ತಿದ್ದರು.

"ತಮ್ಮಾ, ಒಂದು ಮಾತ ಹೇಳ್ತೇನಿ, ನಗಬ್ಯಾಡ" ಎಂದಳು ಫಕ್ಕೀರವ್ವ, ದನಿ ತಗ್ಗಿಸಿ. "ಸಾವ್ಕಾರ್ರು ಬಂದ ದಿನಾನ ಇದು ಬಂದ್ ಬೀಳತೈತಿ. ನಾ ನೋಡಾಕತ್ತು ಭಾಳ ದಿನ ಆತು. ಅವರ ಕ್ವಾಣ್ಯಾಗ ಏನರ ದೃಷ್ಟಿ ಗಿಷ್ಟಿ ಆಗೇತೇನ?"

"ಏ, ಸುಮ್ನಿರವ್ವಾ. ಏನರ ಅಂತೀ" ಎಂದು ಅವನು ನಕ್ಕ. ನಗಬೇಡ ಎಂದಿದ್ದಳು. ಓದು ಬರಹ ಬಾರದ ಈ ಹೆಂಗಸು ಬರೀ ಕಣ್ಣಿನಿಂದ ಕಂಡುಹಿಡಿದದ್ದನ್ನು ಕೋರ್ಸಿನಲ್ಲಿ ಮೊದಲು ಬಂದವನು ನಕ್ಕು ಮುಚ್ಚಿಹಾಕಿದ.

ಒಳಗೆ ಮಧುಶ್ರೀ ಕೂತಿದ್ದಳು. ತೆರೆಯ ಮೇಲೆ ದುಂಡಗಿನದೊಂದು ತಿರುಗುತ್ತಲೇ ಇತ್ತು. ಅವಳ ಹಿಂದಿನ ಗೋಡೆಯಲ್ಲಿ ಡಬ್ಬಿ, ತಲೆಯ ಮೇಲೆ ಕ್ಯಾಮೆರಾ. ಮುಖ ಬತ್ತಿತ್ತು. ಅವಳಿಗೆ ಎರಡು ಗಂಟೆಯ ಮೀಟಿಂಗಿನ ವಿಷಯ ಗೊತ್ತಿದೆ ಎಂದು ನೋಡಿದ ಕೂಡಲೇ ತಿಳಿಯಿತು.

"ಬರ್ರಿ ಅಣ್ಣಾರ" ಎಂದಳು. "ಕಾಗದ ತಂದೀರೇನ್ರಿ?"

ಅವನು ಚೀಲವನ್ನು ಒಂದು ಹೆಗಲಿನಿಂದ ಇನ್ನೊಂದು ಹೆಗಲಿಗೆ ಬದಲಿಸಿದ. ಅವಳು ತಿರುಗಿ ತೆರೆ ನೋಡತೊಡಗಿದಳು. ಏನಾದರೂ ಬಿರುಸಾಗಿ ಅಂದಿದ್ದರೆ ಅವನೂ ಬಿರುಸಾಗಬಹುದಿತ್ತು, ನಿನಗ್ಯಾಕ ಅದೆಲ್ಲ ಎನ್ನಬಹುದಿತ್ತು. ಆ ಅನುಕೂಲವನ್ನೂ ಅವಳು ಅವನಿಗೆ ಕೊಡಲಿಲ್ಲ.

ಕೋಣೆಯಲ್ಲಿ ಊದುಬತ್ತಿಯ ಹೊಗೆ ಇನ್ನೂ ತೇಲುತ್ತಿತ್ತು. ಕುಬೇರಪ್ಪ ಸಾಹುಕಾರರು ಬಾಯಿ ತುಂಬ ಎಲೆ ಹಾಕಿಕೊಂಡು ನಾಲ್ಕು ಚೌಕಗಳನ್ನು ನೋಡುತ್ತಿದ್ದರು. ಮೇಲಿನ ಬಲಚೌಕದಲ್ಲಿ ಮಧುಶ್ರೀಯ ನೆತ್ತಿ, ಬೈತಲೆ, ಸುಮ್ಮನೆ ಮೇಜಿನ ಮೇಲಿಟ್ಟ ಕೈಗಳು. ಕೂಡು ಎಂದು ಗದ್ದದಿಂದಲೇ ತೋರಿಸಿದರು. ಫಕ್ಕೀರವ್ವ ಚಹಾ ತಂದಳು. ಸಾಹುಕಾರರಿಗೆ ಪಿಂಗಾಣಿಯ ಬಟ್ಟಲಿನಲ್ಲಿ, ಅವನಿಗೆ ಕಾಗದದ ಕಪ್ಪಿನಲ್ಲಿ. ಎಂಟು ತಿಂಗಳಿನಿಂದ ಕಾಗದದ ಕಪ್ಪೇ. ಹೊರಗಿನವರಿಗೆಲ್ಲ ಹೀಗೆಯೋ, ಹಂಸಭಾವಿಯಲ್ಲಿ ಯಾರ ಪೈಕಿ ಎಂದು ಮೊದಲ ದಿನ ಕೇಳಿ, ಉತ್ತರ ಕೇಳಿಸಿಕೊಂಡು, ಹೌದಾ ಎಂದು ಸುಮ್ಮನಾಗಿದ್ದರಲ್ಲ, ಆವತ್ತಿನಿಂದ ಹೀಗೆಯೋ, ಅವನಿಗೆ ಗೊತ್ತಿಲ್ಲ. ಕೇಳುವ ಹಾಗಿಲ್ಲ. ಕೇಳಲಾರದ್ದಕ್ಕೆ ಪ್ರತಿ ಸಲವೂ ಚಹಾ ಸುಡುಸುಡುವಾಗಿಯೇ ಕುಡಿದು ಕಪ್ಪು ಹಿಚುಕಿ ಒಗೆಯುತ್ತಿದ್ದ.

"ನೋಡು, ಹೆಂಗ ಕುಂತಾಳ. ಬಂದ ಮಂದಿ ನಿಂತಾರ, ಈಕಿ ದೇವರಂಗ ಕುಂತಾಳ" ಎಂದರು ಸಾಹುಕಾರರು, ಎಲೆರಸ ಸೋರದಂತೆ ಮುಖ ಎತ್ತಿ. ಒಂದು ಹಾಳೆ ಮುಂದೆ ಸರಿಸಿದರು. ಅದರಲ್ಲಿ ಆಗಲೇ ಎಲ್ಲ ಬೆರಳಚ್ಚಾಗಿತ್ತು. ಯಂತ್ರೋಪಕರಣಗಳು ಸುಸ್ಥಿತಿಯಲ್ಲಿದ್ದು, ಅಡಚಣೆಗಳು ನಿರ್ವಾಹಕರ ಅಜ್ಞಾನ ಮತ್ತು ನಿರ್ಲಕ್ಷ್ಯದಿಂದ ಉಂಟಾಗಿರುತ್ತವೆ. ಕೆಳಗೆ ಸಹಿಗೆ ಜಾಗ. "ಓದಿ ಸಹಿ ಮಾಡು. ನಾ ಉಗುಳಿ ಬರ್ತೇನಿ" ಎಂದು ಎದ್ದು ಹಿತ್ತಲ ಕಡೆ ಹೋದರು.

ರವಿಕುಮಾರ ಒಬ್ಬನೇ ಉಳಿದ. ಅಜ್ಞಾನ ಎಂಬ ಶಬ್ದವನ್ನು ಎರಡು ಸಲ ಓದಿದ. ಚೀಲದಲ್ಲಿದ್ದ ತಂತಿ ಕತ್ತರಿಸುವ ಪಕ್ಕಡವನ್ನು ಮೇಜಿನ ಮೇಲಿಟ್ಟು ಪೆನ್ನು ಹುಡುಕಿದ, ಅದರ ಟೋಪಿ ತೆಗೆದ, ಮತ್ತೆ ಹಾಕಿದ. ಆಮೇಲೆ ಎದ್ದು ಸಾಹುಕಾರರ ಖುರ್ಚಿಯಲ್ಲಿ ಕೂರದೆ, ಪಕ್ಕಕ್ಕೆ ಬಾಗಿ ನಿಂತು, ಅವರ ಮಶೀನಿನ ನಂಬರು ಇರುವ ಜಾಗ ತೆಗೆದ. ಒಂದನ್ನು ಅಳಿಸಿ ಇಪ್ಪತ್ಮೂರು ಹೊಡೆದ. ಕಳ್ಳನ ಹಾಗೆ ಮಾಡಿದ, ಬಾಗಿಲ ಮೇಲೊಂದು ಕಣ್ಣಿಟ್ಟು. ಸದ್ದಿಲ್ಲದೆ ಸರಿಹೋಗಿಬಿಡಲಿ, ನೆಟ್ಟು ಬಂದರೆ ಅವಳನ್ನು ತೆಗೆಯುವ ಮಾತೇ ಇಲ್ಲ, ಕಾಗದವೂ ಬೇಡ, ಯಾರೂ ಏನೂ ಹೇಳಬೇಕಾಗಿಲ್ಲ ಎಂದು ಲಗುಬಗೆಯಿಂದ ಯೋಚಿಸಿದ. ನಾಲ್ಕು ಚೌಕಗಳು ಒಂದು ಕ್ಷಣ ಕಪ್ಪಾಗಿ ಮತ್ತೆ ಮೂಡಿದವು. ಮೇಲಿನ ಚೌಕದಲ್ಲಿ ಮಧುಶ್ರೀಯ ಕೈಗಳು ಚಕ್ಕನೆ ಎದ್ದವು. ಹೊರಗೆ ಹೆಬ್ಬೆಟ್ಟಿನ ಮಶೀನು ಕುಂಯ್ ಎಂದಿತು. ಮುದುಕಿ, "ಹತ್ತಿತ ನಮ್ಮವ್ವ, ಹತ್ತಿತು!" ಎಂದು ಕೂಗಿದಳು. ಸಾಲು ಚೀಲ ಕೊಡವಿಕೊಂಡು ಎದ್ದಿತು. ಎರಡನೆಯ ಕುಂಯ್, ಮೂರನೆಯದು. ಅವನ ಎದೆಯ ಮೇಲಿನ ಕಲ್ಲು ಇಳಿದಂತಾಯಿತು.

ಸಾಹುಕಾರರು ಬಾಯಿ ಒರೆಸಿಕೊಳ್ಳುತ್ತ ಬಂದವರು ಒಳಗೆ ಬರಲಿಲ್ಲ. ಕೋಣೆಯ ಬಾಗಿಲಲ್ಲೇ ನಿಂತು, ಸಾಲಿನಲ್ಲಿದ್ದವರಿಗೆಲ್ಲ ಕೇಳುವಂತೆ ದನಿ ಎತ್ತಿದರು. "ನೋಡಿದ್ರೇನ? ಈ ಹುಡುಗ ಬಂದು ಕುಂತು ಐದು ಮಿನೀಟ ಆಗಿಲ್ಲ, ಸುರು ಆತು. ನಾ ಹೇಳಾಕತ್ತಿದ್ದು ಇದನ್ನ. ಮಶೀನ್ ಚಲೋ ಅದಾವು. ಮುಟ್ಟೋ ಕೈ ಚಲೋ ಇಲ್ಲ."

ಮಧುಶ್ರೀ ಕೀಲಿಮಣೆಯ ಮೇಲಿದ್ದ ಎರಡೂ ಕೈಗಳನ್ನು ತೆಗೆದು ಮಡಿಲಲ್ಲಿ ಇಟ್ಟುಕೊಂಡಳು. ರವಿಕುಮಾರ ಅದನ್ನು ಮೊದಲು ತೆರೆಯ ಮೇಲಿನ ಚೌಕದಲ್ಲಿ ಕಂಡ, ಆಮೇಲೆ ಬಾಗಿಲ ಆಚೆ ನಿಜವಾಗಿ ಕಂಡ. ತಾನು ಸದ್ದಿಲ್ಲದೆ ಸರಿಮಾಡಿದ್ದು ಅವಳ ತಪ್ಪಿಗೆ ಸಾಕ್ಷಿಯಾಗಿ ನಿಂತಿತ್ತು. ಕಾಗದದ ಮೇಲಿನ ಸ್ವಂತ ಸಹಿಗಿಂತ ಗಟ್ಟಿಯಾದ ಸಾಕ್ಷಿ. ಹಾಳಾದ ಬುದ್ಧಿ! ಇಷ್ಟೂ ಹೊಳೆಯಲಿಲ್ಲವೇ? ಬಾಗಿಲಿಗೆ ಬಂದ.

"ಆಕೀದು ತಪ್ಪಲ್ರಿ."

"ಏನು?"

"ಆಕೀದು ತಪ್ಪಲ್ರಿ ಸಾವ್ಕಾರ್ರ, ನಂದು." ದನಿ ಮೊದಲು ಒಡೆಯಿತು, ಆಮೇಲೆ ಬೇಕಾದ್ದಕ್ಕಿಂತ ಜೋರಾಯಿತು. "ಒಂದನೇ ನಂಬರ್ ಅಂದ್ರ ಈ ರೂಟರ್ದು. ನೀವು ಕೇಳಿದ್ರಿ ಅಂತ ಅದನ್ನ ನಿಮ್ಮ ಮಶೀನಿಗೂ ಕೊಟ್ಟಿದ್ದೆ. ಎರಡಕ್ಕೂ ಒಂದ ನಂಬರ್ ಆತು. ಫಕ್ಕೀರವ್ವ ಮೊದಲ ನಿಮ್ಮ ಮಶೀನ್ ಚಾಲೂ ಮಾಡ್ತಾಳ. ಮಂದೀದು ನೆಟ್ ಹೊರಗ ಹೋಗೂದ ಬಿಟ್ಟು ನಿಮ್ಮ ಮಶೀನಿಗೆ ಬಂದು ನಿಂದರತೈತಿ. ಅದಕ್ಕ ಸೋಮವಾರ, ಗುರುವಾರ ಬಂದ್ ಬೀಳೂದು. ಆಕಿ ನನಗ ಐದು ತಿಂಗಳ ಹಿಂದನ ಹೇಳಿದ್ಲು. ನಾನ ಸುಮ್ನಿದ್ದೆ."

"ನಾ ಹೇಳಲಿಲ್ಲೇನ ತಮ್ಮಾ, ಸಾವ್ಕಾರ್ರು ಬಂದ ದಿನಾನ..." ಎಂದು ಶುರುಮಾಡಿದ ಫಕ್ಕೀರವ್ವ ನಾಲಿಗೆ ಕಚ್ಚಿಕೊಂಡಳು. ಸಾಲಿನಲ್ಲಿ ಯಾರೋ ನಕ್ಕು ಅದನ್ನು ಕೆಮ್ಮಾಗಿಸಿದರು. ಆ ಕೆಮ್ಮು ಬೇವಿನ ಗಿಡದವರೆಗೂ ಒಬ್ಬರಿಂದ ಒಬ್ಬರಿಗೆ ಹೋಯಿತು.

ಕುಬೇರಪ್ಪ ಸಾಹುಕಾರರ ಮುಖ ಕೆಂಪಾಗಲಿಲ್ಲ. ಏನೋ ಎಣಿಸುವವರಂತೆ ನಿಂತಿದ್ದರು. ಎಂಟು ತಿಂಗಳ ಸಾಲಿನ ಬಗ್ಗೆ ಕೇಳಲಿಲ್ಲ, ಮಧುಶ್ರೀಯ ಬಗ್ಗೆ ಕೇಳಲಿಲ್ಲ.

"ಈಗ ನಂದು ಎಷ್ಟು?" ಎಂದರು.

"ಇಪ್ಪತ್ಮೂರು ರೀ."

"ಯಾರನ್ನ ಕೇಳಿ ಬದಲ ಮಾಡಿದಿ?"

ಅವನು ಬಾಗಿಲ ಚೌಕಟ್ಟು ಹಿಡಿದು ನಿಂತ.

"ಆತು. ಹಿಂಗ ಮಾಡು. ಒಂದು ನನಗ ಇರಲಿ. ಆ ಡಬ್ಬಿಗೆ ಬ್ಯಾರೆ ಏನರ ಕೊಡು. ನಿರ್ಜೀವ ವಸ್ತು, ಅದಕ್ಕೇನು ಮಾನ ಮರ್ಯಾದೆ? ಹಂಗ ಮಾಡಾಕ ಬರತೈತಿಲ್ಲ?"

ಬರುತ್ತಿತ್ತು. ಐದು ನಿಮಿಷದ ಕೆಲಸ. ಕೋರ್ಸು ಇಲ್ಲದೆ, ಪಾಠ ಇಲ್ಲದೆ, ಸಾಹುಕಾರರು ನೇರ ಅಲ್ಲಿಗೇ ಬಂದು ಮುಟ್ಟಿದ್ದರು. ಇಂಥವರಿಗೆ ಬುದ್ಧಿ ಕಡಿಮೆ ಎಂದು ತಿಳಿದು ಖಾರ ತಿನ್ನುತ್ತ ನಕ್ಕಿದ್ದೆನಲ್ಲ ಎಂದುಕೊಂಡ. ಈಗ ಹೌದ್ರಿ ಎಂದರೆ ಎಲ್ಲ ಸುಸೂತ್ರ. ನೆಟ್ಟು ಇರುತ್ತದೆ, ಸಾಹುಕಾರರ ಮಾನ ಇರುತ್ತದೆ, ತನ್ನ ಕೆಲಸ ಇರುತ್ತದೆ, ಮಧುಶ್ರೀಯದೂ ಬಹುಶಃ ಉಳಿಯುತ್ತದೆ. ಬೆರಳುಗಳು ಆಗಲೇ ಚುರುಗುಟ್ಟುತ್ತಿದ್ದವು, ತಾವಾಗಿ ಹೋಗಿ ಒತ್ತಿಬಿಡುವ ಹಾಗೆ. ಅವನು ಎರಡೂ ಕೈಗಳನ್ನು ಪ್ಯಾಂಟಿನ ಕಿಸೆಗೆ ತುರುಕಿದ. ಸಾಹುಕಾರರ ಮುಂದೆ ಕಿಸೆಯಲ್ಲಿ ಕೈಯಿಟ್ಟು ನಿಂತದ್ದು ಆಮೇಲೆ ಅವನಿಗೇ ಗೊತ್ತಾಯಿತು.

"ಬರೂದಿಲ್ರಿ" ಎಂದ.

ಮಧುಶ್ರೀ ತಲೆ ಎತ್ತಿದಳು. ಅವನು ಅವಳತ್ತ ನೋಡಲಿಲ್ಲ. ಬರತೈತಿ ಎಂದು ಅವಳು ಒಂದು ಮಾತು ಅಂದರೆ ಸಾಕಿತ್ತು. ಅನ್ನಲಿಲ್ಲ.

"ಹಂಗಾರ ಇಲ್ಲೆ ಒಂದನೇ ನಂಬರು ಆ ಡಬ್ಬೀದು?"

"ಹೌದ್ರಿ. ಅದರದ."

ಸಾಹುಕಾರರು ಗೋಡೆಯ ಮೇಲಿನ ಡಬ್ಬಿಯನ್ನು ಮೊದಲ ಸಲ ನೋಡುವಂತೆ ನೋಡಿದರು. ಅದರ ಹಸಿರು ದೀಪ ಪಿಳಿಪಿಳಿ ಎನ್ನುತ್ತಿತ್ತು. ಸಾಲಿನಲ್ಲಿ ನಲವತ್ತು ಜನ ಕೇಳಿಸಿಕೊಂಡದ್ದನ್ನು ಕಮಿಟಿಯ ನಾಲ್ಕು ಜನರೆದುರು ಬೇರೆ ಮಾಡಿ ಹೇಳುವುದು ಸಾಹುಕಾರರಿಗೂ ಸಾಧ್ಯವಿರಲಿಲ್ಲ. ಒಳಗೆ ಹೋಗಿ ಮೇಜಿನ ಮೇಲಿನ ಹಾಳೆಯನ್ನು ಎರಡು ಮಡಿಕೆ ಮಾಡಿ ಅಂಗಿಯ ಕಿಸೆಗೆ ಹಾಕಿಕೊಂಡರು. "ಆ ವಿಷಯ ಇವತ್ತ ಬ್ಯಾಡ" ಎಂದರು, ಯಾರಿಗೆಂದಿಲ್ಲದೆ. ಆಮೇಲೆ ಫೋನು ತೆಗೆದು ಅವನೆದುರಿಗೇ ರಫೀಕನಿಗೆ ಹಚ್ಚಿದರು. "ಈ ಹುಡುಗನ್ನ ಇನ್ನ ನಮ್ಮ ಸಂಘದ ಕಟ್ಟಿ ಹತ್ತಿಸಬ್ಯಾಡ. ಬ್ಯಾರೆ ಯಾರನ್ನರ ಕಳಸು." ಅವನಿಗೆ ಹೋಗು ಎನ್ನಲೂ ಇಲ್ಲ. ಅವನು ಚೀಲ ಎತ್ತಿಕೊಂಡು, ಅರ್ಧ ಕುಡಿದ ಕಾಗದದ ಕಪ್ಪನ್ನು ಹಿಚುಕದೆ ಮೇಜಿನ ಮೇಲೇ ಬಿಟ್ಟು ಹೊರಬಿದ್ದ.

ಗಾಡಿಯ ಹತ್ತಿರ ಬಂದಾಗ ಹಿಂದೆ ಚಪ್ಪಲಿಯ ಸದ್ದಾಯಿತು. ಮಧುಶ್ರೀ. ಕೈಯಲ್ಲಿ ಅವನ ಪಕ್ಕಡ.

"ಬಿಟ್ಟು ಬಂದಿದ್ರಿ."

ಇಸಿದುಕೊಂಡ. ಅವಳು ಹೋಗಲಿಲ್ಲ.

"ರೂಟರಿಗೆ ಎರಡ್ನೂರಾ ಐವತ್ನಾಕು ಕೊಟ್ಟಿದ್ರ ಅವರಿಗೂ ಒಂದು ಸಿಗತಿತ್ತಲ್ರಿ ಅಣ್ಣಾರ."

"ಸಿಗತಿತ್ತು."

"ಮತ್ತ ಬರೂದಿಲ್ಲ ಅಂದ್ರಿ."

"ಹೂಂ" ಎಂದ. ಎಂದವನು ಅವಳ ಮುಖವನ್ನೇ ನೋಡುತ್ತ ನಿಂತ. ಪಾಟಿಯ ಮೇಲೆ ಬರೆದದ್ದನ್ನು ತೋರಿಸಿ ಶಾಬಾಸ್‌ಗೆ ಕಾಯುವ ಹುಡುಗನಂತೆ ತಾನು ಅವಳ ನಗುವಿಗೆ ಕಾಯುತ್ತಿದ್ದೇನೆ ಎಂದು ಹೊಳೆದು ನಾಚಿಕೆಯಾಯಿತು. ಅವಳು ನಗಲಿಲ್ಲ. ಅವಳ ಕಣ್ಣಲ್ಲಿ ಸಿಟ್ಟಿತ್ತು. ಎಂಟು ತಿಂಗಳಲ್ಲಿ ಮೊದಲ ಸಲ ಅದನ್ನು ಅವನಿಗೆ ಕಾಣಿಸಿದಳು.

"ನಿಮಗ ಬರತಿತ್ತಲ್ರಿ" ಎಂದಳು. "ಬರೂದಿಲ್ಲ ಅನ್ನಾಕ. ಮೊದಲನೇ ದಿನಾನೂ ಬರತಿತ್ತು."

ತಿರುಗಿ ಕಟ್ಟೆ ಹತ್ತಿದಳು. ಒಳಗಿನಿಂದ ಅವಳ ದನಿ ಕೇಳಿಸಿತು, ದಿನನಿತ್ಯದ ದನಿ: "ಮುಂದಿನವರು ಬರ್ರಿ. ಬೆರಳ ಒರಸಿಕೊಂಡು ಇಡ್ರಿ." ಕಿಸೆಯಲ್ಲಿ ಫೋನು ಬಡಿದುಕೊಳ್ಳತೊಡಗಿತು, ರಫೀಕನದೇ ಇರಬೇಕು. ರವಿಕುಮಾರ ಅದನ್ನು ತೆಗೆಯಲಿಲ್ಲ. ಪಕ್ಕಡ ಕೈಯಲ್ಲಿ ಹಿಡಿದು, ಒಳಗೆ ಒಂದಾದ ಮೇಲೊಂದು ಹೆಬ್ಬೆಟ್ಟಿಗೆ ಮಶೀನು ಕುಂಯ್ ಎನ್ನುವುದನ್ನು ಕೇಳುತ್ತ, ಗಾಡಿ ಚಾಲೂ ಮಾಡದೆ ಕೂತೇ ಇದ್ದ.